ಕೆಲಸ ಕಳೆದುಕೊಂಡ ದಾರಿ ಹುಡುಕಿ

ಪ್ರಶ್ನೆ ಏನಿತ್ತು ಅಂತ ಮೊದಲು ಇನ್ನೊಮ್ಮೆ ಹೇಳಿಬಿಡುತ್ತೇನೆ. ಕೆಳಗೆ ಉತ್ತರಗಳು ಬೆಳೆದು ವಿಷಯ ಎಲ್ಲೋ ಹೋಗಿದೆ. ನಿಮಗೆ ವಯಸ್ಸು ಐವತ್ತೆರಡು. ಒಂದೇ ದಿನಕ್ಕೆ 30 ಕಿ.ಮೀ.ಗಿಂತ ಜಾಸ್ತಿ ಸೈಕಲ್ ತುಳಿದು ಗೊತ್ತಿಲ್ಲ. ಗಂಡ ಹೆಂಡತಿ ಇಬ್ಬರೂ ಐದು ದಿನ, ಹಳೇ ಹಳ್ಳಿಗಳನ್ನು ನೋಡಿಕೊಂಡು, ಹೊಲಗದ್ದೆಗಳ ನಡುವೆ ಸೈಕಲ್‌ನಲ್ಲಿ ಹೋಗಬೇಕು. ಹಿಂದಿನಿಂದ ಲಾರಿ ಹಾರ್ನ್ ಕೇಳಬಾರದು. ಅಂಥ ದಾರಿ ಹುಡುಕುವುದು ಹೇಗೆ, ದಿನಕ್ಕೆ ಎಷ್ಟು ದೂರ, ಹೊಸ ಸೈಕಲ್ ಬೇಕಾ. ಇಷ್ಟೇ ಅಲ್ವಾ?

ಒಬ್ಬರು "ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ, ಯಾವ ರಸ್ತೆಯಾದರೂ ಖಾಲಿ ಇರುತ್ತದೆ" ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ರಸ್ತೆ ಖಾಲಿ ಸಿಗುತ್ತದೆ, ಸರಿ. ನೋಡಲು ಬಂದ ಊರೇ ಕಾಣದಿದ್ದರೆ ಏನು ಬಂತು? ಆ ಹೊತ್ತಿನಲ್ಲಿ ಬರುವ ಒಂದೇ ಒಂದು ಗಾಡಿಯ ಡ್ರೈವರ್ ನಿದ್ದೆಗಣ್ಣಿನಲ್ಲಿರುತ್ತಾನೆ, ಅದು ಬೇರೆ ಮಾತು.

ಇನ್ನು ಕೆಲವರು ಚೆಂದದ ರಸ್ತೆಗಳ ಪಟ್ಟಿ ಹಾಕಿದ್ದಾರೆ. ಆ ಪಟ್ಟಿಯನ್ನು ಕಾರಿನವರೂ ಓದುತ್ತಾರೆ. ನಾನು ಚೆಂದ ನೋಡಿ ದಾರಿ ಆರಿಸುವುದನ್ನು ಬಿಟ್ಟು ಬಹಳ ವರ್ಷ ಆಯಿತು. ಈಗ ಕೇಳಿಕೊಳ್ಳುವುದು ಒಂದೇ: ಈ ದಾರಿಗೆ ಮೊದಲು ಏನು ಕೆಲಸ ಇತ್ತು, ಈಗ ಆ ಕೆಲಸ ಯಾರು ಮಾಡುತ್ತಿದ್ದಾರೆ? ಕೆಲಸ ಬೇರೆ ದಾರಿಗೆ ಹೋಗಿದ್ದರೆ ಇಲ್ಲಿ ಗಾಡಿ ಬರುವುದಿಲ್ಲ. ಆದರೆ ದಾರಿಯ ಪಕ್ಕದ ಹಳೇ ಊರುಗಳು ಎದ್ದು ಹೋಗುವುದಿಲ್ಲ, ಅಲ್ಲೇ ಇರುತ್ತವೆ. ನಿಮಗೆ ಬೇಕಾದದ್ದು ಈ ಎರಡೇ.

ಹೀಗೆ ಕೆಲಸ ಕಳೆದುಕೊಂಡ ದಾರಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಮುಚ್ಚಿದ ರೈಲು ದಾರಿ. ಬ್ರಿಟನ್‌ನಲ್ಲಿ, ನಷ್ಟದ ರೈಲು ದಾರಿಗಳನ್ನು ಮುಚ್ಚಿ ಅಂದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಕಿಲೋಮೀಟರ್ ಹಳಿ ಕಿತ್ತರು. ಹಾಗೆ ಉಳಿದ ಜಾಗದಲ್ಲೇ ಬ್ರಿಸ್ಟಲ್‌ನಿಂದ ಬಾತ್‌ಗೆ ಸುಮಾರು 21 ಕಿ.ಮೀ. ಸೈಕಲ್ ದಾರಿ ಆಯಿತು. ಸ್ಪೇನ್ 1993ರಲ್ಲಿ ಇದನ್ನೇ ದೇಶದ ಯೋಜನೆ ಮಾಡಿಕೊಂಡಿತು, ಹೆಸರು 'ವಿಯಾಸ್ ವೆರ್ದೆಸ್', ಹಸಿರು ದಾರಿಗಳು. ಈಗ ಅಲ್ಲಿ 3,000 ಕಿ.ಮೀ.ಗೂ ಜಾಸ್ತಿ ಇದೆ. ನ್ಯೂಜಿಲೆಂಡ್‌ನ ಒಟಾಗೊದಲ್ಲಿ 1990ರಲ್ಲಿ ರೈಲು ನಿಂತಿತು, 2000ದಲ್ಲಿ ಅದೇ ಏರಿಯ ಮೇಲೆ 152 ಕಿ.ಮೀ. ಸೈಕಲ್ ದಾರಿ ತೆರೆಯಿತು.

ನಮ್ಮ ವಯಸ್ಸಿನವರಿಗೆ ರೈಲು ದಾರಿ ಯಾಕೆ ಒಳ್ಳೆಯದು ಅಂದರೆ, ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಕಡಿದಾದ ಏರಿನಲ್ಲಿ ಜಾರುತ್ತದೆ. ಹಾಗಾಗಿ ಎಂಜಿನಿಯರುಗಳು ಗುಡ್ಡ ಕಡಿದು, ಹಳ್ಳ ತುಂಬಿಸಿ, ಏರನ್ನು ಸಾಮಾನ್ಯವಾಗಿ ನೂರು ಮೀಟರಿಗೆ ಎರಡು ಮೀಟರ್ ದಾಟದ ಹಾಗೆ ನೋಡಿಕೊಂಡಿದ್ದಾರೆ. ಅವರ ಬೆವರು ನಮಗೆ ಪುಕ್ಕಟೆ. ಆದರೆ ಒಂದು ಮೋಸ ಇದೆ. ಈ ಏರು ಕಣ್ಣಿಗೆ ಕಾಣುವುದೇ ಇಲ್ಲ. ದಾರಿ ಸಮತಟ್ಟಾಗಿಯೇ ಇದೆ ಅನ್ನಿಸುತ್ತದೆ, ಕಾಲು ಮಾತ್ರ ಸೋಲುತ್ತಾ ಹೋಗುತ್ತದೆ. ಮೊದಲ ಸಲ ನಾನು ಕೆಳಗಿಳಿದು, ಹಿಂದಿನ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ತಾಗುತ್ತಿದೆಯಾ ಅಂತ ನೋಡಿದ್ದೆ. ಚಕ್ರ ಸಲೀಸಾಗಿ ತಿರುಗುತ್ತಿತ್ತು. ಮತ್ತೆ ಹತ್ತಿ ಅರ್ಧ ಗಂಟೆ ತುಳಿದೆ, ಮತ್ತೆ ಇಳಿದು ನೋಡಿದೆ! ಆಮೇಲೆ ಹಿಂದೆ ತಿರುಗಿ ನೋಡಿದಾಗಲೇ ಗೊತ್ತಾಗಿದ್ದು, ಬಿಟ್ಟು ಬಂದ ಊರು ಎಷ್ಟು ಕೆಳಗಿದೆ ಅಂತ. ಹಾಗಾಗಿ ದಾರಿ ಯಾವ ಕಡೆಯಿಂದ ಇಳಿಯುತ್ತದೆ ಅಂತ ಮೊದಲೇ ನೋಡಿಕೊಂಡು ಆ ತುದಿಯಿಂದ ಶುರು ಮಾಡಿ. ಹೆಮ್ಮೆಗೋಸ್ಕರ ಎದುರು ದಿಕ್ಕಿನಲ್ಲಿ ಹೋಗಬೇಡಿ.

ಸ್ಪೇನ್‌ನ ದಕ್ಷಿಣದಲ್ಲಿ ಓಲ್ವೆರಾದಿಂದ ಪುಯೆರ್ತೊ ಸೆರಾನೊಗೆ ಒಂದು ದಾರಿ ಇದೆ, ಸುಮಾರು 36 ಕಿ.ಮೀ. ಅದರಲ್ಲಿ 30 ಸುರಂಗ. ತಮಾಷೆ ಏನೆಂದರೆ ಅಲ್ಲಿ ರೈಲು ಓಡಲೇ ಇಲ್ಲ. 1920ರ ದಶಕದಲ್ಲಿ ಕಟ್ಟಲು ಶುರು ಮಾಡಿ ಅರ್ಧಕ್ಕೇ ಬಿಟ್ಟರು. ಉಳಿದ ದಾರಿಗಳು ಕೆಲಸ ಕಳೆದುಕೊಂಡವು, ಇದು ಕೆಲಸಕ್ಕೆ ಸೇರಲೇ ಇಲ್ಲ. ಓಲ್ವೆರಾ ಗುಡ್ಡದ ಮೇಲಿನ ಬಿಳಿ ಗೋಡೆಗಳ ಊರು, ನೆತ್ತಿಯಲ್ಲಿ ಹಳೇ ಕೋಟೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಸುರಂಗ ಅಂದಮೇಲೆ ಲೈಟು. ಫೋನಿನ ಟಾರ್ಚ್ ಸಾಲದು. ಹೊರಗಿನ ಬಿಸಿಲಿನಿಂದ ಒಳಗೆ ಹೋದ ಮೊದಲ ಅರ್ಧ ನಿಮಿಷ ಏನೂ ಕಾಣುವುದಿಲ್ಲ, ನೆಲ ಒದ್ದೆ, ಮೇಲಿನಿಂದ ಹನಿ ಬೀಳುತ್ತಿರುತ್ತದೆ. ತಂಪು ಕನ್ನಡಕ ತೆಗೆಯಿರಿ, ವೇಗ ಇಳಿಸಿ, ಮುಂದೆ ಹಿಂದೆ ಎರಡೂ ಲೈಟು ಹಾಕಿ. ಅಮೆರಿಕದ ಗ್ರೇಟ್ ಅಲಿಗೇನಿ ಪ್ಯಾಸೇಜ್ ದಾರಿಯಲ್ಲಿ ಬಿಗ್ ಸ್ಯಾವೇಜ್ ಅನ್ನುವ ಸುರಂಗ ಸುಮಾರು ಒಂದು ಕಿಲೋಮೀಟರ್ ಉದ್ದ, ಚಳಿಗಾಲದಲ್ಲಿ ಅದರ ಬಾಗಿಲು ಹಾಕಿಬಿಡುತ್ತಾರೆ. ಇಂಥದ್ದನ್ನು ಹೊರಡುವ ಮುಂಚೆ ವಿಚಾರಿಸಬೇಕು, ಬಾಗಿಲ ಮುಂದೆ ನಿಂತು ಅಲ್ಲ.

ರೈಲು ದಾರಿಯ ಇನ್ನೊಂದು ತೊಂದರೆಯನ್ನು ಯಾರೂ ಬರೆಯುವುದಿಲ್ಲ. ಸ್ಟೇಷನ್ ಒಂದು ಕಡೆ, ಊರು ಇನ್ನೊಂದು ಕಡೆ. ಹಳೇ ಊರುಗಳನ್ನು ಶತ್ರುಗಳ ಭಯಕ್ಕೆ ಗುಡ್ಡದ ಮೇಲೆ ಕಟ್ಟಿದ್ದು ಜಾಸ್ತಿ. ರೈಲು ಕಣಿವೆಯಲ್ಲೇ ಉಳಿಯಿತು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹೆಸರು. ಸಂಜೆ ಸುಸ್ತಾಗಿ "ಬಂತು ಊರು" ಅಂತ ಇಳಿದರೆ ಇನ್ನೂ ಎರಡು ಮೂರು ಕಿಲೋಮೀಟರ್ ಕಡಿದಾದ ಏರು. ಉಳಿಯುವ ಜಾಗ ಗೊತ್ತು ಮಾಡುವಾಗ ಅದು ಕೆಳಗಿದೆಯೋ ಮೇಲಿದೆಯೋ ಕೇಳಿ. ಮೇಲಿದ್ದರೆ ಬೇಡ ಅನ್ನುವುದಿಲ್ಲ. ಬಸ್ಸಿನಲ್ಲಿ ಬಂದವರು ಸಂಜೆ ಹೊರಟು ಹೋದ ಮೇಲೆ ಆ ಊರು ಊರಿನವರಿಗೆ ವಾಪಸ್ ಸಿಗುತ್ತದೆ. ಕಲ್ಲುಹಾಸಿನ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವಾಗ ಫ್ರೀವೀಲ್ ಟಿಕ್ ಟಿಕ್ ಅನ್ನುವುದು ಎರಡೂ ಗೋಡೆಗೆ ಬಡಿದು ಕೇಳಿಸುತ್ತದೆ. ಅದಕ್ಕಾಗಿ ಆ ಏರು ಹತ್ತಬಹುದು.

ಎರಡನೆಯದು ಕಾಲುವೆ ಏರಿ. ಫ್ರಾನ್ಸಿನ ಕನಾಲ್ ದು ಮಿದಿ ಅನ್ನುವ ಕಾಲುವೆ 240 ಕಿ.ಮೀ. ಉದ್ದ, 1666ರಿಂದ 1681ರವರೆಗೆ ಕಟ್ಟಿದ್ದು. ಪಿಯರ್ ಪಾಲ್ ರಿಕೆ ಅನ್ನುವವರು ಅದರ ಹಿಂದೆ ಬಿದ್ದು, ಮುಗಿಯುವ ಕೆಲವೇ ತಿಂಗಳು ಮುಂಚೆ ತೀರಿಕೊಂಡರು. ಆಗ ದೋಣಿಗಳನ್ನು ಕುದುರೆಗಳು ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದವು. ಆ ಕುದುರೆ ದಾರಿಯೇ ಈಗ ಸೈಕಲ್ ದಾರಿ. ಸಮತಟ್ಟು, ಪಕ್ಕದಲ್ಲೇ ನೀರು. ಆದರೆ ಎಲ್ಲಾ ಕಡೆ ನುಣುಪಾಗಿ ಇರುತ್ತದೆ ಅಂದುಕೊಳ್ಳಬೇಡಿ. ಟುಲೂಸ್ ನಗರದ ಕಡೆಯಿಂದ ಮೊದಲ 50 ಕಿ.ಮೀ. ಡಾಂಬರು. ಮುಂದೆ ಬಹಳಷ್ಟು ಕಡೆ ಮಣ್ಣುದಾರಿ, ಅಡ್ಡಡ್ಡ ಮರದ ಬೇರು. ಸಾಲುಮರಗಳಿಗೆ ಶಿಲೀಂಧ್ರ ರೋಗ ಬಂದು ಸಾವಿರಾರು ಮರ ಕಡಿಯಬೇಕಾಯಿತು, ಹಾಗಾಗಿ ಹಳೇ ಫೋಟೋದಲ್ಲಿ ಇರುವ ನೆರಳು ಕೆಲವು ಕಡೆ ಈಗ ಇಲ್ಲ.

ಮಣ್ಣಿನ ಏರಿ ಬಗ್ಗೆ ನಾನು ಕೆಟ್ಟು ಕಲಿತದ್ದು ಒಂದಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು, ಬೆಳಗ್ಗೆ ಬಿಸಿಲು ಚೆನ್ನಾಗಿತ್ತು, ಫೋನು ಏರಿ ಮೇಲೇ ಹೋಗು ಅಂದಿತು, ಹೋದೆ. ಜಿಗುಟು ಮಣ್ಣು. ಟೈರು ಮಣ್ಣನ್ನು ಸುತ್ತಿಕೊಂಡು ದಪ್ಪ ಆಗುತ್ತಾ ಹೋಯಿತು. ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಂತಿತು. ಕಡ್ಡಿ ಮುರಿದುಕೊಂಡು ಮಣ್ಣು ಕೆರೆಯುವುದು, ಇಪ್ಪತ್ತು ಹೆಜ್ಜೆ ತಳ್ಳುವುದು, ಮತ್ತೆ ಕೆರೆಯುವುದು. ಮೂರು ಕಿಲೋಮೀಟರಿಗೆ ಎರಡು ಗಂಟೆ. ಸಿಟ್ಟಿನಲ್ಲಿ ಒಮ್ಮೆ ಜೋರಾಗಿ ತುಳಿದದ್ದಕ್ಕೆ ಚೈನ್ ಕೂಡ ತುಂಡಾಯಿತು. ಆವತ್ತಿನಿಂದ ಮಳೆ ಬಂದ ಮರುದಿನ ಮಣ್ಣುದಾರಿ ಮುಟ್ಟುವುದಿಲ್ಲ. ಪಕ್ಕದಲ್ಲಿ ಸಣ್ಣ ಡಾಂಬರು ರಸ್ತೆ ಯಾವುದಿದೆ ಅಂತ ಪ್ರತಿ ದಿನಕ್ಕೂ ಮೊದಲೇ ನೋಡಿಟ್ಟುಕೊಳ್ಳುತ್ತೇನೆ. ಚೈನ್ ಜೋಡಿಸುವ ಕೊಂಡಿ ಎರಡು ಸದಾ ಚೀಲದಲ್ಲಿರುತ್ತದೆ.

ನದಿ ದಡದ ದಾರಿಗಳೂ ಚೆನ್ನ. ಡ್ಯಾನ್ಯೂಬ್ ಪಕ್ಕದಲ್ಲಿ ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾದವರೆಗೆ 300 ಕಿ.ಮೀ.ಗೂ ಮೀರಿದ ದಾರಿ ಇದೆ, ಹೊಸಬರಿಗೆ ಹೇಳಿ ಮಾಡಿಸಿದ ಹಾಗಿದೆ. ನಡುವೆ ಡ್ಯೂರ್ನ್‌ಸ್ಟೈನ್ ಅನ್ನುವ ಸಣ್ಣ ಊರು, 1192ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು ಹಿಡಿದು ಅಲ್ಲಿನ ಕೋಟೆಯಲ್ಲಿ ಇಟ್ಟಿದ್ದರು. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಅದಕ್ಕೇ ಬಹಳ ಜನ ಪೂರ್ವಕ್ಕೆ ಹೋಗುತ್ತಾರೆ. ಕಾರು ಇಲ್ಲ ಅಂತ ಜನ ಇಲ್ಲ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಅಲ್ಲಿ ಸೈಕಲ್‌ಗಳದ್ದೇ ಜಾತ್ರೆ. ಸದ್ದಿಲ್ಲದಿರಬೇಕು ಅಂದರೆ ಬೇಸಿಗೆ ರಜೆಯ ಮುಂಚೆ ಅಥವಾ ನಂತರ ಹೋಗಿ.

ಇಂಥ ಹೆಸರಾದ ದಾರಿ ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ? ಆಗ ಬೈಪಾಸ್ ಹುಡುಕಿ. ಹೊಸ ದೊಡ್ಡ ರಸ್ತೆ ಎಲ್ಲಿ ಬಂದಿದೆಯೋ ಅದರ ಪಕ್ಕದಲ್ಲಿ ಹಳೇ ರಸ್ತೆ ಊರಿಂದ ಊರಿಗೆ ಸೊಟ್ಟಗೆ ಹೋಗುತ್ತಿರುತ್ತದೆ. ಸೊಟ್ಟಗಿದ್ದಷ್ಟೂ ಒಳ್ಳೆಯದು, ನೇರ ರಸ್ತೆಯಲ್ಲಿ ಕಾರುಗಳು ಹಾರುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಪುಕ್ಕಟೆ ಆನ್‌ಲೈನ್ ನಕ್ಷೆಯಲ್ಲಿ ಸೈಕ್ಲೋಎಸ್‌ಎಂ ಅನ್ನುವ ನೋಟ ಹಾಕಿಕೊಂಡರೆ ಸೈಕಲ್ ದಾರಿ, ಮಣ್ಣುದಾರಿ, ಏರಿಳಿತ ಎಲ್ಲಾ ಬೇರೆ ಬೇರೆ ಬಣ್ಣ, ಗೆರೆಗಳಲ್ಲಿ ಕಾಣುತ್ತದೆ. ಆಮೇಲೆ ಉಪಗ್ರಹ ಚಿತ್ರದಲ್ಲಿ ಅದೇ ಜಾಗ ನೋಡಿ ನೆಲ ಹೇಗಿದೆ ಅಂತ ಖಚಿತ ಮಾಡಿಕೊಳ್ಳಿ.

ಒಂದು ವಿಷಯ ಮಾತ್ರ ಮರೆಯಬೇಡಿ, ಸೇತುವೆ. ಹೊಳೆ ದಾಟಲು ಇಪ್ಪತ್ತು ಕಿಲೋಮೀಟರಿಗೆ ಒಂದೇ ಸೇತುವೆ ಇದ್ದರೆ ಸುತ್ತಲಿನ ಎಲ್ಲಾ ಗಾಡಿ ಅಲ್ಲೇ ಬಂದು ಸೇರುತ್ತದೆ. ನಿಮ್ಮ ಶಾಂತವಾದ ಐದು ದಿನದಲ್ಲಿ ಎದೆ ಹೊಡೆದುಕೊಳ್ಳುವ ಹತ್ತು ನಿಮಿಷ ಇದ್ದರೆ ಅದು ಅಲ್ಲೇ. ಹಾಗಾಗಿ ನಾನು ಮೊದಲು ಸೇತುವೆಗಳನ್ನು ಗುರುತು ಹಾಕಿ, ಆಮೇಲೆ ದಾರಿ ಎಳೆಯುತ್ತೇನೆ. ದೋಣಿ ಸಿಗುವ ಜಾಗ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ಡ್ಯಾನ್ಯೂಬ್‌ನಲ್ಲಿ ಷ್ಲೋಗೆನ್ ತಿರುವಿನ ಹತ್ತಿರ ಸೈಕಲ್‌ನವರನ್ನು ದಾಟಿಸುವ ಸಣ್ಣ ದೋಣಿಗಳೇ ಇವೆ.

ಬೆಲ್ಜಿಯಂ, ನೆದರ್‌ಲೆಂಡ್ಸ್ ಕಡೆ ಹೋಗುವವರಿಗೆ ದಾರಿ ಹುಡುಕುವ ತಲೆನೋವೂ ಇಲ್ಲ. 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಹ್ಯೂಗೋ ಬೋಲೆನ್ ಅನ್ನುವ ಗಣಿ ಎಂಜಿನಿಯರ್ ಸೈಕಲ್ ದಾರಿಗಳು ಕೂಡುವ ಜಾಗಕ್ಕೆಲ್ಲಾ ನಂಬರ್ ಕೊಡುವ ಉಪಾಯ ತಂದರು. ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಅವತ್ತಿನ ದಾರಿ ಮುಗಿಯಿತು. ಫೋನು ಜೇಬಿನಲ್ಲೇ ಇರುತ್ತದೆ.

ದೂರದ ಮಾತು. ನಿಮಗೆ 30 ಅಭ್ಯಾಸ ಇದೆ ಅಂದರೆ ದಿನಕ್ಕೆ 40 ಸಾಕು. ಮೂರನೇ ದಿನ 25 ಇಟ್ಟುಕೊಳ್ಳಿ, ಕಾಲಿಗಿಂತ ಮುಂಚೆ ಕುಂಡಿ ದೂರು ಹೇಳುವ ದಿನ ಅದು. ಸಾಮಾನಿನ ಜೊತೆ, ನಿಂತು ನೋಡಿಕೊಂಡು ಹೋದರೆ ಗಂಟೆಗೆ 10ರಿಂದ 12 ಕಿ.ಮೀ. ಅಷ್ಟೇ ಆಗುತ್ತದೆ. ಹಸಿವಾಗುವ ಮುಂಚೆ ತಿನ್ನಿ, ಬಾಯಾರುವ ಮುಂಚೆ ಕುಡಿಯಿರಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿರಬಹುದು, ಎರಡು ಗಂಟೆಗಾಗುವಷ್ಟು ನೀರು, ಒಂದು ಹೊತ್ತಿನ ತಿಂಡಿ ಯಾವಾಗಲೂ ಜೊತೆಗಿರಲಿ.

ಹೊಸ ಸೈಕಲ್ ಬೇಡ. ಮೇಲೆ ಕಾರ್ಬನ್ ಫ್ರೇಮ್ ತಗೊಳ್ಳಿ ಅಂದವರ ಉತ್ಸಾಹಕ್ಕೆ ನಮಸ್ಕಾರ, ಆದರೆ ಈ ಪ್ರವಾಸಕ್ಕೆ ಅದು ಸುಮ್ನೆ ಖರ್ಚು. ಇರುವ ಸೈಕಲ್‌ಗೆ ಹಿಡಿಸುವಷ್ಟು ಅಗಲದ ಟೈರ್ ಹಾಕಿ, 38ರಿಂದ 42 ಮಿ.ಮೀ. ಇದ್ದರೆ ಒಳ್ಳೆಯದು. ಗಾಳಿ ಕಲ್ಲಿನ ಹಾಗೆ ತುಂಬಬೇಡಿ, ಅಂಥ ಟೈರಿಗೆ 45 ಪಿಎಸ್‌ಐ ಆಸುಪಾಸು ಸಾಕು, ಕಲ್ಲುಹಾಸಿನ ಮೇಲೆ ಹಲ್ಲು ಕಟಕಟ ಅನ್ನುವುದಿಲ್ಲ. ಗೇರ್‌ನಲ್ಲಿ ನೋಡಬೇಕಾದದ್ದು ಒಂದೇ: ಮುಂದೆ ಪೆಡಲ್ ಹತ್ತಿರದ ಸಣ್ಣ ಹಲ್ಲುಚಕ್ರದ ಹಲ್ಲು ಎಣಿಸಿ, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ. ಮುಂದಿನದು ಕಡಿಮೆ ಇದ್ದರೆ ಗುಡ್ಡದ ಊರು ಹತ್ತುತ್ತೀರಿ. ಜಾಸ್ತಿ ಇದ್ದರೆ ತಳ್ಳುತ್ತೀರಿ, ಅದೇನೂ ಅವಮಾನ ಅಲ್ಲ. ಭಾರ ಬೆನ್ನಿಗೆ ಬೇಡ, ಕ್ಯಾರಿಯರ್‌ನ ಎರಡೂ ಪಕ್ಕಕ್ಕೆ ಚೀಲ ಹಾಕಿ, ಒಬ್ಬೊಬ್ಬರಿಗೆ ಹತ್ತು ಕೆ.ಜಿ. ಒಳಗೆ ಮುಗಿಸಿ. ಹೊರಡುವ ವಾರದ ಮುಂಚೆ ಆ ಭಾರ ಹೇರಿಕೊಂಡು ಒಂದು ದಿನ 30 ಕಿ.ಮೀ. ಹೋಗಿ ಬನ್ನಿ. ಚೀಲಕ್ಕೆ ಹಿಮ್ಮಡಿ ತಾಗುತ್ತದೋ ಇಲ್ಲವೋ ಅವತ್ತೇ ಗೊತ್ತಾಗುತ್ತದೆ.

ಎಲ್ಲಿಂದ ಎಲ್ಲಿಗೆ ಅಂತ ಇನ್ನೂ ನೀವು ಹೇಳಿಲ್ಲ. ಗೆರೆ ಎಳೆದ ನಕ್ಷೆಯ ಫೋಟೋ ಇಲ್ಲೇ ಹಾಕಿ. ಹೊಳೆ ಎಲ್ಲೆಲ್ಲಿ ದಾಟುತ್ತೀರಿ ಅಂತ ಮೊದಲು ನೋಡಿ ಹೇಳುತ್ತೇನೆ.