ಸಂಜೆ ಇಡ್ಲಿ, ರಾತ್ರಿ ಅಳು

ಪ್ರಶ್ನೆ: ಅಮ್ಮನಿಗೆ 71 ವರ್ಷ. ಹಿಪ್ ರಿಪ್ಲೇಸ್‌ಮೆಂಟ್ ಆಯಿತು. ನೋವು ಬಾರದಂತೆ ನರಕ್ಕೆ ಬ್ಲಾಕ್ ಕೊಟ್ಟಿದ್ದರು. ಸಂಜೆ ಆರಾಮಾಗಿ ಇಡ್ಲಿ ತಿಂದು, ಫೋನಿನಲ್ಲಿ ಎಲ್ಲರ ಜೊತೆ ಮಾತಾಡಿದರು. ರಾತ್ರಿ 2 ಗಂಟೆಗೆ ನೋವು ತಡೆಯಲಾರದೆ ಅತ್ತುಬಿಟ್ಟರು. ಬ್ಲಾಕ್ ಫೇಲ್ ಆಯ್ತಾ ಡಾಕ್ಟ್ರೇ?
– ಓದುಗರು, ರಾಜಾಜಿನಗರ

ಉತ್ತರ: ಬ್ಲಾಕ್ ಕೆಲಸ ಮಾಡಿದ್ದರಿಂದಲೇ ಅಮ್ಮ ಸಂಜೆ ಇಡ್ಲಿ ತಿಂದದ್ದು. ರಾತ್ರಿ ಅದರ ಅವಧಿ ಮುಗಿಯಿತು, ಅಷ್ಟೆ. ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಇದೇ ಬರುತ್ತಿರುತ್ತದೆ. ಹಾಗಾಗಿ ಈ ಸಲ ಜಾಗವೆಲ್ಲ ಇದಕ್ಕೇ.

ಒಂದು ಸಲ ಚುಚ್ಚಿ ಕೊಡುವ ಬ್ಲಾಕ್ ಸಾಮಾನ್ಯವಾಗಿ ಅರ್ಧ ದಿನ, ಹೆಚ್ಚೆಂದರೆ ಮುಕ್ಕಾಲು ದಿನ ಬಾಳುತ್ತದೆ. ಬೆಳಿಗ್ಗೆ 10ಕ್ಕೆ ಕೊಟ್ಟರೆ ಲೆಕ್ಕ ನೀವೇ ಹಾಕಿ. ವಾರ್ಡಿನಲ್ಲಿ ದೀಪ ಆರಿಸಿ ಎಲ್ಲರೂ ಮಲಗಿದ ಹೊತ್ತಿಗೇ ಅದು ಇಳಿಯುತ್ತದೆ. ಮೆಲ್ಲಗೆ ಇಳಿದರೆ ಪುಣ್ಯ. ಕೆಲವರಿಗೆ ನೋವು ಒಮ್ಮೆಲೇ ನುಗ್ಗುತ್ತದೆ. ಇದಕ್ಕೆ ನಮ್ಮಲ್ಲಿ ರಿಬೌಂಡ್ ಪೇನ್ ಅನ್ನುತ್ತೇವೆ.

ಇನ್ನೊಂದು ವಿಷಯ. ಬ್ಲಾಕ್ ಇಡೀ ಸೊಂಟಕ್ಕೆ ಹೊದಿಸಿದ ಕಂಬಳಿ ಅಲ್ಲ. 2018ರಲ್ಲಿ ಮೊದಲು ವರದಿಯಾದ ಪೆಂಗ್ (PENG) ಬ್ಲಾಕ್, ಅಂದರೆ ಸೊಂಟದ ಕೀಲಿನ ನರದ ಎಳೆಗಳಿಗೆ ಕೊಡುವ ಬ್ಲಾಕ್, ಈಗ ಜಾಸ್ತಿ ಬಳಕೆಯಲ್ಲಿದೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಸುಮಾರು 20 ಎಂಎಲ್ ಔಷಧಿ ಬಿಡುತ್ತೇವೆ. ಅದು ಕೀಲಿನ ಮುಂಭಾಗದ ನೋವಿನ ಎಳೆಗಳನ್ನು ಮಲಗಿಸುತ್ತದೆ. ಹೆಚ್ಚಿನ ನೋವು ಬರುವುದು ಅಲ್ಲಿಂದಲೇ. ಚರ್ಮದ ಹೊಲಿಗೆ, ಕೀಲಿನ ಹಿಂಬದಿ ಅದರ ಕೈಗೆ ಸಿಗುವುದಿಲ್ಲ. ಅದಕ್ಕೇ ಮಾತ್ರೆ ಬೇಕು.

ಎಡವುವುದೂ ಇಲ್ಲೇ. ಸಂಜೆ ಸಿಸ್ಟರ್ ಮಾತ್ರೆ ತಂದಾಗ, ‘ನೋವೇ ಇಲ್ಲವಲ್ಲ, ಸುಮ್ನೆ ಯಾಕೆ?’ ಅಂತ ಅಮ್ಮ ಬೇಡ ಅಂದಿರುತ್ತಾರೆ. ನೀವೂ ತಲೆಯಾಡಿಸಿರುತ್ತೀರಿ. ನಾವೂ ಸರಿಯಾಗಿ ತಿಳಿಸಿ ಹೇಳಿರುವುದಿಲ್ಲ, ಒಪ್ಪುತ್ತೇನೆ. ಬರೆದುಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು, ನೋವಿರಲಿ ಬಿಡಲಿ. ಮಾತ್ರೆ ಹಿಡಿಯಲು ಹೊತ್ತು ಬೇಕು. ನೋವು ಏರಿದ ಮೇಲೆ ಕೊಟ್ಟರೆ ಅದರ ಹಿಂದೆ ಓಡಿದಂತೆ. ನೋವಿಗೆ ಹತ್ತಕ್ಕೆ ಅಂಕ ಕೊಟ್ಟರೆ, ಅದು ನಾಲ್ಕಕ್ಕೆ ಬಂದಾಗಲೇ ಸಿಸ್ಟರ್‌ನ ಕರೆಯಿರಿ. ‘ಪಾಪ, ಅವರಿಗೆ ಯಾಕೆ ತೊಂದರೆ’ ಅಂತ ಹಲ್ಲು ಕಚ್ಚಿ ಮಲಗುವ ಅಮ್ಮಂದಿರೇ ನಮ್ಮಲ್ಲಿ ಹೆಚ್ಚು.

ಆದರೆ ಅತಿಯಾಗಿಯೂ ಬೇಡ. ಆಸ್ಪತ್ರೆಯ ಪ್ಯಾರಾಸಿಟಮಾಲ್ ಜೊತೆಗೆ ಬ್ಯಾಗಿನಲ್ಲಿದ್ದ ಡೋಲೋ ಕೊಟ್ಟವರನ್ನು ನೋಡಿದ್ದೇನೆ. ಎರಡೂ ಒಂದೇ ಔಷಧಿ ಕಣ್ರೀ! ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮಿತಿ. 50 ಕೆಜಿಗಿಂತ ಕಡಿಮೆ ತೂಕದವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಕಿಡ್ನಿ ಸರಿಯಿಲ್ಲದವರಿಗೆ ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಮೆಡಿಕಲ್ ಶಾಪಿನಿಂದ ತಂದು ಕೊಡಲೇಬೇಡಿ.

ಇನ್ನು ನಡೆಯುವುದು. ಪೆಂಗ್ ಬ್ಲಾಕ್‌ನಲ್ಲಿ ತೊಡೆಯ ಬಲ ಬಹುಮಟ್ಟಿಗೆ ಉಳಿಯುತ್ತದೆ ಅನ್ನುತ್ತಾರೆ. ನಿಜ. ಆದರೂ ನನಗೆ ಧೈರ್ಯ ಸಾಲದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತೊಡೆಯ ಫೀಮರಲ್ ನರಕ್ಕೇ ಬ್ಲಾಕ್ ಕೊಡುತ್ತಿದ್ದೆವು. ಒಬ್ಬ ತಾತ ನೋವಿಲ್ಲ ಅಂತ ನಡುರಾತ್ರಿ ಒಬ್ಬರೇ ಬಾತ್‌ರೂಮಿಗೆ ಎದ್ದರು. ಮಂಡಿ ಕುಸಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಅಂದಿನಿಂದ ಯಾವ ಬ್ಲಾಕೇ ಇರಲಿ, ಮೊದಲ ದಿನ ವಾಕರ್ ಇರಬೇಕು, ಪಕ್ಕದಲ್ಲಿ ಫಿಸಿಯೋ ಅಥವಾ ಸಿಸ್ಟರ್ ಇರಬೇಕು. ಜಾಸ್ತಿ ಭಯ ಅಂತ ಸಹೋದ್ಯೋಗಿಗಳು ನಗುತ್ತಾರೆ. ನಗಲಿ.

ಪಾದದ ಮೇಲೂ ಕಣ್ಣಿಡಿ. ಆಪರೇಷನ್‌ಗೆಂದು ಕಾಲು ಮರಗಟ್ಟಿಸಲು ಬೆನ್ನಿಗೆ ಕೊಟ್ಟ ಇಂಜೆಕ್ಷನ್ (ಸ್ಪೈನಲ್) ಇಳಿದು ಇನ್ನೊಂದು ಕಾಲು ಚೆನ್ನಾಗಿ ಆಡುತ್ತಿದೆ, ಆಪರೇಷನ್ ಆದ ಕಡೆಯ ಪಾದವನ್ನು ಮಾತ್ರ ಮೇಲಕ್ಕೆತ್ತಲು ಆಗುತ್ತಿಲ್ಲ ಅಂದರೆ, ‘ಬ್ಲಾಕ್ ಇರಬೇಕು ಬಿಡಿ’ ಅಂತ ಬೆಳಗಿನವರೆಗೆ ಕಾಯಬೇಡಿ. ಪೆಂಗ್ ಬ್ಲಾಕ್‌ನಿಂದ ಹಾಗಾಗಬಾರದು. ಆಗಲೇ ಸರ್ಜನ್‌ಗೆ ತಿಳಿಸಿ.

ಪ್ರಶ್ನೆ: ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡರೆ ಜೀವನಪೂರ್ತಿ ಬೆನ್ನುನೋವಂತೆ?
– ಓದುಗರು, ಜಯನಗರ

ಉತ್ತರ: ಇಲ್ಲ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ಉಳಿದದ್ದು ಮದುವೆ ಮನೆಯ ಮಾತು.

ಪ್ರಶ್ನೆ: ನರಕ್ಕೆ ಚುಚ್ಚಿದರೆ ಲಕ್ವ ಹೊಡೆಯುತ್ತಾ?
– ಓದುಗರು, ಯಶವಂತಪುರ

ಉತ್ತರ: ಲಕ್ವ ಮಿದುಳಿನ ಕಾಯಿಲೆ. ನಾವು ಸೂಜಿ ಹಿಡಿಯುವುದು ತೊಡೆಸಂದಿನಲ್ಲಿ.

ಪ್ರಶ್ನೆ: ಅಪ್ಪನಿಗೆ ಸೊಂಟನೋವಿಗೆ ಒಬ್ಬರು ಪುಡಿ ಕೊಡುತ್ತಾರೆ. ತಿಂದ ಎರಡೇ ದಿನಕ್ಕೆ ನೋವು ಮಾಯ. ಆಪರೇಷನ್ ಬೇಕೇ ಬೇಕಾ?
– ಓದುಗರು, ಕೆಂಗೇರಿ

ಉತ್ತರ: ಹೆಸರಿಲ್ಲದ ಪುಡಿ ಎರಡೇ ದಿನದಲ್ಲಿ ಪವಾಡ ಮಾಡಿದರೆ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡ್‌ನದು. ಸ್ಟೀರಾಯ್ಡ್ ಜಾಸ್ತಿಯಾದರೆ ಸೊಂಟದ ಮೂಳೆಯೇ ಸತ್ತುಹೋಗಬಹುದು. ಆಪರೇಷನ್ ಬೇಕೋ ಬೇಡವೋ ಎಕ್ಸ್‌ರೇ ನೋಡಿ ಮೂಳೆ ಡಾಕ್ಟರ್ ಹೇಳಲಿ. ಹೆದರಿ ಇವತ್ತೇ ಪುಡಿ ನಿಲ್ಲಿಸಲೂಬೇಡಿ. ಬಹಳ ದಿನ ಸ್ಟೀರಾಯ್ಡ್ ತಿಂದ ದೇಹ ಅದನ್ನು ಒಮ್ಮೆಲೇ ಬಿಟ್ಟರೆ, ಆಪರೇಷನ್ ಟೇಬಲ್ ಮೇಲೆ ಬಿಪಿ ಕುಸಿಯಬಹುದು. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ.