ಲೋರಾಂಡೈಟ್ ಎಂಬ ಖನಿಜದ ವಿಶೇಷವೇನು? ಅದು ಎಲ್ಲಿ ಸಿಗುತ್ತದೆ?

ಲೋರಾಂಡೈಟ್ ಸಲ್ಫೋಸಾಲ್ಟ್ (ಲೋಹ, ಆರ್ಸೆನಿಕ್‌ನಂಥ ಅರೆಲೋಹ, ಗಂಧಕ ಕೂಡಿದ ಖನಿಜಗಳು) ಗುಂಪಿನ ಅಪರೂಪದ ಖನಿಜ. ಒಂದು ಥ್ಯಾಲಿಯಂ (ಭಾರವಾದ ಲೋಹ), ಒಂದು ಆರ್ಸೆನಿಕ್, ಎರಡು ಗಂಧಕದ ಪರಮಾಣುಗಳು ಸೇರಿ ಇದರ ರಾಸಾಯನಿಕ ಸೂತ್ರವಾಗುತ್ತದೆ. ತೂಕದಲ್ಲಿ ಶೇ. 59ಕ್ಕೂ ಹೆಚ್ಚು ಪಾಲು ಥ್ಯಾಲಿಯಂನದೇ, ಹಾಗಾಗಿ ನೀರಿಗಿಂತ ಸುಮಾರು ಐದೂವರೆ ಪಟ್ಟು ಭಾರ.

ಬಣ್ಣ ಕಡುಗೆಂಪು. ಆದರೆ ಹರಳಿನ ಮೇಲ್ಮೈ ಎಷ್ಟೋ ಸಲ ಸೀಸದಂತೆ ಬೂದಾಗಿರುತ್ತದೆ. ತೆಳುವಾದ ಅಂಚಿಗೆ ಬೆಳಕು ಹಿಡಿದರೆ ಒಳಗಿನ ಕೆಂಪು ಹೊಳೆಯುತ್ತದೆ. ಉಗುರಿನಿಂದ ಗೀರಬಹುದಾದಷ್ಟು ಮೃದು, ಪದರಪದರವಾಗಿ ಸೀಳುತ್ತದೆ, ಆ ಪದರಗಳು ಬಾಗುತ್ತವೆ ಕೂಡ. ಥ್ಯಾಲಿಯಂ, ಆರ್ಸೆನಿಕ್ ಎರಡೂ ವಿಷ. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು.

ಮೊದಲು ಸಿಕ್ಕಿದ್ದು ಈಗಿನ ಉತ್ತರ ಮ್ಯಾಸಿಡೋನಿಯಾದ ಆಲ್ಶಾರ್ ಗಣಿಯಲ್ಲಿ. 1894ರಲ್ಲಿ ಇದನ್ನು ವಿವರಿಸಿದ ಖನಿಜವಿಜ್ಞಾನಿ ಕ್ರೆನರ್, ಹಂಗೇರಿಯ ಭೌತವಿಜ್ಞಾನಿ ಲೊರಾಂಡ್ ಎಟ್ವೆಶ್ ಅವರ ಹೆಸರಿಟ್ಟರು. ಅಮೆರಿಕ, ಚೀನಾ, ಇರಾನ್‌ಗಳಲ್ಲೂ ಸ್ವಲ್ಪ ಸಿಗುತ್ತದೆ.

ನನಗೆ ಅತ್ಯಂತ ರೋಚಕವೆನಿಸುವುದು ಸೂರ್ಯನೊಂದಿಗಿನ ಇದರ ನಂಟು. ಸೂರ್ಯನಿಂದ ಬರುವ ನ್ಯೂಟ್ರಿನೋ (ವಸ್ತುಗಳ ಮೂಲಕ ಸುಲಭವಾಗಿ ಹಾದುಹೋಗುವ ಅತಿಸೂಕ್ಷ್ಮ ಕಣ) ಥ್ಯಾಲಿಯಂ-205ರ ಪರಮಾಣುವಿಗೆ ಬಡಿದರೆ ಅದು ಸೀಸ-205 ಆಗಬಲ್ಲದು. ಬಹಳ ಕಡಿಮೆ ಶಕ್ತಿಯ ನ್ಯೂಟ್ರಿನೋ ಕೂಡ ಇದಕ್ಕೆ ಸಾಕು. ಆ ಸೀಸದ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಭಾಗ ಕ್ಷಯಿಸಲು ಬೇಕಾದ ಕಾಲ, ಸುಮಾರು 1.7 ಕೋಟಿ ವರ್ಷ. ಅಂದರೆ ಲಕ್ಷಾಂತರ ವರ್ಷಗಳ ಸೂರ್ಯನ ಚಟುವಟಿಕೆಯ ಲೆಕ್ಕ ಈ ಹರಳಿನೊಳಗೆ ಜಮೆಯಾಗಿರುತ್ತದೆ. 1976ರಲ್ಲಿ ಫ್ರೀಡ್‌ಮನ್ ಮತ್ತು ಸಂಗಡಿಗರು ಈ ವಿಚಾರ ಮುಂದಿಟ್ಟರು. ಲೋರಾಂಡೈಟ್‌ನಲ್ಲಿ ಈ ಸೀಸವನ್ನು ಅಳೆಯುವ ಲೋರೆಕ್ಸ್ ಪ್ರಯೋಗ ಹುಟ್ಟಿದ್ದು ಇದರಿಂದಲೇ. ತೊಡಕೆಂದರೆ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳೂ ಇದೇ ಸೀಸವನ್ನು ಉಂಟುಮಾಡುತ್ತವೆ. ಆದ್ದರಿಂದ ಮೇಲಿನ ಬಂಡೆ ಆ ಕಿರಣಗಳನ್ನು ತಡೆಯುವಷ್ಟು ಆಳದ ಅದಿರೇ ಬೇಕು. ಆ ಬಂಡೆ ಕಾಲಾಂತರದಲ್ಲಿ ಎಷ್ಟು ಸವೆದಿದೆ ಎಂಬುದನ್ನೂ ಅಳೆಯಬೇಕು.