ಟೈಟಲ್ ಕಾರ್ಡಿನಲ್ಲೇ ಅತಿಥಿ ನಟ ಸಾಯುವ ಆ ಹಳೇ ಪೊಲೀಸ್ ಕಾಮಿಡಿ ಯಾವುದು?

ನೀವು ಕೊಟ್ಟಿರುವ ಗುರುತು ಮೂರು. ಶುರುವಿನ ಟೈಟಲ್ ಕಾರ್ಡಿನಲ್ಲೇ ಅತಿಥಿ ನಟ ಸತ್ತುಹೋಗುತ್ತಿದ್ದ, ಒಬ್ಬ ಪೊಲೀಸಿನವನ ತಲೆ ಯಾವತ್ತೂ ಕಾಣಿಸುತ್ತಿರಲಿಲ್ಲ, ಕೊನೆಗೆ ಎಲ್ಲರೂ ಗೊಂಬೆಗಳ ಹಾಗೆ ನಿಂತುಬಿಡುತ್ತಿದ್ದರು. ಈ ಮೂರೂ ಒಟ್ಟಿಗೆ ಸಿಗುವುದು ‘ಪೊಲೀಸ್ ಸ್ಕ್ವಾಡ್!’ನಲ್ಲಿ. ಅಮೆರಿಕದ ಎಬಿಸಿ ವಾಹಿನಿ, 1982.

ಇದ್ದದ್ದೇ ಆರು ಕಂತು. ಮಾರ್ಚ್‌ನಲ್ಲಿ ನಾಲ್ಕನ್ನು ಹಾಕಿ ನಿಲ್ಲಿಸಿದರು, ಉಳಿದೆರಡನ್ನು ಜುಲೈನಲ್ಲಿ ಹಾಕಿ ಕೈತೊಳೆದುಕೊಂಡರು. ‘ತುಂಬ ನೋಡಿದ ನೆನಪು’ ಎಂದು ಬರೆದಿದ್ದೀರಲ್ಲ, ಅದರಲ್ಲಿ ‘ದ ನೇಕೆಡ್ ಗನ್’ ಸಿನಿಮಾಗಳು (1988, 1991, 1994) ಬೆರೆತಿರಬಹುದು. ಎರಡರಲ್ಲೂ ನಾಯಕ ಫ್ರ್ಯಾಂಕ್ ಡ್ರೆಬಿನ್, ನಟ ಲೆಸ್ಲಿ ನೀಲ್ಸನ್. ಬೇರ್ಪಡಿಸಲು ಪಕ್ಕದವರನ್ನು ನೋಡಿ. ಮೇಲಧಿಕಾರಿ ಎಡ್ ಆಗಿ ಅಲನ್ ನಾರ್ತ್ ಇದ್ದರೆ ಧಾರಾವಾಹಿ, ಜಾರ್ಜ್ ಕೆನಡಿ ಇದ್ದರೆ ಸಿನಿಮಾ. ಧಾರಾವಾಹಿಯಲ್ಲಿ ನಾರ್ಬರ್ಗ್ ಎಂಬ ಸಹೋದ್ಯೋಗಿ ಪೊಲೀಸಿನವನ ಪಾತ್ರ ಪೀಟರ್ ಲೂಪಸ್ ಅವರದು, ಸಿನಿಮಾದಲ್ಲಿ ಅದೇ ಪಾತ್ರ ಒ.ಜೆ. ಸಿಂಪ್ಸನ್‌ಗೆ ಹೋಯಿತು.

ಮಾಡಿದವರು ಡೇವಿಡ್ ಝುಕರ್, ಜೆರಿ ಝುಕರ್, ಜಿಮ್ ಅಬ್ರಹಾಮ್ಸ್. 1980ರಲ್ಲಿ ‘ಏರ್‌ಪ್ಲೇನ್!’ ಎಂಬ ಹಾಸ್ಯಚಿತ್ರ ತೆಗೆದ ಅದೇ ಮೂವರು. ಆ ಸಿನಿಮಾಕ್ಕೆ 1957ರ ಒಂದು ಗಂಭೀರ ವಿಮಾನ ಚಿತ್ರದ ಕಥೆಯನ್ನು ಹಕ್ಕು ಕೊಂಡು ಎತ್ತಿಕೊಂಡಿದ್ದರು. ಇಲ್ಲಿಯೂ ಅದೇ ಪಟ್ಟು: ಲೀ ಮಾರ್ವಿನ್ ನಟಿಸಿದ್ದ ‘ಎಂ ಸ್ಕ್ವಾಡ್’ (1957–60) ಎಂಬ ಪೊಲೀಸ್ ಧಾರಾವಾಹಿ ಇದರ ಅಚ್ಚು, ಮೊದಲ ಕಂತಿನ ಕಥೆಯೇ ಅದರ ಒಂದು ಕಂತಿನದು. ಅಚ್ಚು ಗಂಭೀರವಾಗಿರಬೇಕು, ನಟರೂ ಗಂಭೀರವಾಗಿರಬೇಕು. ನೀಲ್ಸನ್ ಒಮ್ಮೆ ಕಣ್ಣು ಮಿಟುಕಿಸಿದ್ದರೂ ಸಾಕು, ಇಡೀ ಆಟ ಕೆಡುತ್ತಿತ್ತು. ಅದಕ್ಕೇ ಹಾಸ್ಯನಟರನ್ನು ಬಿಟ್ಟು, ಅಷ್ಟು ವರ್ಷ ಗಂಭೀರ ಪಾತ್ರಗಳಲ್ಲೇ ಇದ್ದವರನ್ನು ಹಿಡಿದು ತಂದದ್ದು.

ಟೈಟಲ್ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಕ್ವಿನ್ ಮಾರ್ಟಿನ್ ಎಂಬ ನಿರ್ಮಾಪಕರ ಆ ಕಾಲದ ಪತ್ತೇದಾರಿ ಧಾರಾವಾಹಿಗಳಲ್ಲಿ ಒಂದು ಗಡಸು ದನಿ ಅತಿಥಿ ನಟರ ಹೆಸರು ಹೇಳುತ್ತಿತ್ತು. ಇಲ್ಲಿಗೂ ಅದೇ ದನಿಯ ಹ್ಯಾಂಕ್ ಸಿಮ್ಸ್ ಅವರನ್ನೇ ಕರೆಸಿದರು. ಅವರು ‘ವಿಶೇಷ ಅತಿಥಿ’ ಎನ್ನುತ್ತಾರೆ, ಅತಿಥಿ ಅಲ್ಲೇ ಸಾಯುತ್ತಾನೆ, ಮುಂದೆ ಕಥೆಯಲ್ಲಿ ಅವನ ಸುಳಿವಿಲ್ಲ. ರಾಬರ್ಟ್ ಗುಲೆಗೆ ಬಂದೂಕಿನವರು ಸಾಲಾಗಿ ನಿಂತು ಗುಂಡಿಕ್ಕುತ್ತಾರೆ. ವಿಲಿಯಂ ಶಾಟ್ನರ್ ಗುಂಡಿನಿಂದ ಪಾರಾಗಿ, ಲೋಟದಲ್ಲಿದ್ದ ವಿಷ ಕುಡಿದು ಬೀಳುತ್ತಾರೆ. ಆರನೆಯ ಕಂತಿನ ಬಲಿ ವಿಲಿಯಂ ಕಾನ್ರಾಡ್, ಕ್ವಿನ್ ಮಾರ್ಟಿನ್ ಅವರದೇ ‘ಕ್ಯಾನನ್’ನ ನಾಯಕ! ಇದು ಗೊತ್ತಿಲ್ಲದಿದ್ದರೂ ನಗು ಬರುತ್ತದೆ, ಗೊತ್ತಿದ್ದರೆ ಎರಡು ಪಟ್ಟು. ಆಮೇಲೆ ಕಂತಿನ ಹೆಸರು. ಪರದೆಯ ಮೇಲೆ ‘ಎ ಸಬ್‌ಸ್ಟಾನ್ಷಿಯಲ್ ಗಿಫ್ಟ್’ ಎಂದು ಬರೆದಿರುತ್ತದೆ, ದನಿ ಓದುವುದು ‘ದ ಬ್ರೋಕನ್ ಪ್ರಾಮಿಸ್’ ಎಂದು. ಆರೂ ಕಂತಿನಲ್ಲಿ ಹೀಗೇ.

ನಿಂತದ್ದು ಏಕೆ ಎಂದಿರಿ. ವಾಹಿನಿಯ ಮನರಂಜನಾ ವಿಭಾಗದ ಮುಖ್ಯಸ್ಥ ಟೋನಿ ಥಾಮೋಪೌಲಸ್ ಕೊಟ್ಟ ಕಾರಣ ಜಗತ್ಪ್ರಸಿದ್ಧ: ಇದನ್ನು ಮೆಚ್ಚಬೇಕಾದರೆ ನೋಡಬೇಕಾಗುತ್ತದೆ, ಅದೇ ತೊಂದರೆ. ಎಲ್ಲರೂ ಈ ಮಾತನ್ನು ಆಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಆತ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮಲ್ಲಿ ಸೊಪ್ಪು ಬಿಡಿಸುತ್ತಾ ಧಾರಾವಾಹಿ ‘ಕೇಳುವ’ ಹಾಗೆಯೇ ಅಲ್ಲಿಯೂ ಟಿವಿ ಅರ್ಧ ರೇಡಿಯೋ. ಇದರ ಅರ್ಧ ಹಾಸ್ಯಕ್ಕೆ ಮಾತೇ ಇಲ್ಲ. ಮಾತು ಮುಂದೆ ಗಂಭೀರವಾಗಿ ನಡೆಯುತ್ತಿರುತ್ತದೆ, ತಮಾಷೆ ಹಿಂದೆ. ಕಚೇರಿಯ ಲಿಫ್ಟ್ ಬಾಗಿಲು ತೆರೆದರೆ ಆಚೆ ಈಜುಕೊಳ, ಒಬ್ಬ ಧುಮುಕಿ ಹೋಗುತ್ತಾನೆ, ಫ್ರ್ಯಾಂಕ್ ತಿರುಗಿಯೂ ನೋಡುವುದಿಲ್ಲ. ಸಾಲದ್ದಕ್ಕೆ ರೆಕಾರ್ಡ್ ಮಾಡಿದ ನಗುವೂ ಇಲ್ಲ, ಇಲ್ಲಿ ನಗಿ ಎಂದು ಹೇಳುವವರೇ ಇಲ್ಲ.

ಆ ಕೊನೆಯ ‘ಗೊಂಬೆ’ ದೃಶ್ಯವೂ ಹೀಗೇ. ಹಳೇ ಧಾರಾವಾಹಿಗಳಲ್ಲಿ ಕೊನೆಯ ಚೌಕಟ್ಟನ್ನು ಲ್ಯಾಬಿನಲ್ಲಿ ನಿಲ್ಲಿಸಿ ಅದರ ಮೇಲೆ ಹೆಸರು ಓಡಿಸುತ್ತಿದ್ದರು. ಇಲ್ಲಿ ಕ್ಯಾಮೆರಾ ನಿಂತೇ ಇಲ್ಲ, ನಟರೇ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಹಾಗಾಗಿ ಬಗ್ಗಿಸುತ್ತಿದ್ದ ಕಾಫಿ ಕಪ್ಪು ತುಂಬಿ ಚೆಲ್ಲುತ್ತಲೇ ಇರುತ್ತದೆ. ಇನ್ನೊಂದು ಕಂತಿನಲ್ಲಿ ಸಿಕ್ಕಿಬಿದ್ದ ಕಳ್ಳನೊಬ್ಬನೇ ಅಲುಗಾಡುವವನು. ಉಳಿದವರೆಲ್ಲ ಕಲ್ಲಾಗಿರುವುದು ಕಂಡು ದಾರಿ ಹುಡುಕಲು ಶುರುಮಾಡುತ್ತಾನೆ.

ಮಗಳಿಗೆ ಕನ್ನಡದಲ್ಲಿ ವಿವರಿಸುತ್ತಾ ತೋರಿಸಬಹುದೇ ಎಂದೂ ಕೇಳಿದ್ದೀರಿ. ಕೆಲವು ಜೋಕು ನಿರಾಯಾಸ ದಾಟುತ್ತವೆ. ಒಬ್ಬರು ಪ್ಯಾಕ್ ಚಾಚಿ ‘ಸಿಗರೇಟು?’ ಎನ್ನುತ್ತಾರೆ, ಎದುರಿಗಿದ್ದವರು ‘ಹೌದು, ಗೊತ್ತು’ ಎನ್ನುತ್ತಾರೆ. ಕ್ರಿಯಾಪದ ಬಿಟ್ಟು ಕೇಳುವ ಚಾಳಿ ನಮಗೂ ಇದೆ, ಆದ್ದರಿಂದ ಪೆಟ್ಟು ಸರಿಯಾಗಿ ಬೀಳುತ್ತದೆ. ‘ಯಾರು ನೀನು, ಒಳಗೆ ಹೇಗೆ ಬಂದೆ?’ ಎಂದರೆ ‘ನಾನು ಬೀಗ ರಿಪೇರಿಯವನು. ಮತ್ತೆ, ನಾನು ಬೀಗ ರಿಪೇರಿಯವನು’ ಎಂಬುದಂತೂ ಕನ್ನಡದಲ್ಲೇ ಹುಟ್ಟಿದ ಹಾಗಿದೆ. ದಾಟದೇ ಇರುವುದು ಮೊದಲ ಕಂತಿನ ವಿಚಾರಣೆ. ಅಲ್ಲಿ ಒಬ್ಬನ ಹೆಸರು ಟ್ವೈಸ್, ಇನ್ನೊಬ್ಬನದು ಫೆಲ್. ‘ಎರಡು ಸಲ’ ಮತ್ತು ‘ಬಿದ್ದ’ ಎಂಬ ಅರ್ಥವೂ ಅದೇ ಪದಗಳಿಗೆ ಇರುವುದರಿಂದ ಗುಂಡು ಎಷ್ಟು ಹಾರಿತು, ಯಾರಿಗೆ ತಗುಲಿತು ಎಂಬ ಲೆಕ್ಕವೇ ಹರಿಯುವುದಿಲ್ಲ. ಇದನ್ನು ಅನುವಾದಿಸಲು ಹೋದರೆ ಜೋಕೂ ಸಾಯುತ್ತದೆ, ನೋಡುವವರೂ ಸುಸ್ತು. ಆ ಎರಡು ಪದದ ಅರ್ಥವನ್ನು ದೃಶ್ಯಕ್ಕೆ ಮೊದಲೇ ಹೇಳಿಬಿಡಿ.

ಕಂತು ಒಂದಕ್ಕೆ ಸುಮಾರು 25 ನಿಮಿಷ. ಆರನ್ನೂ ಒಂದೇ ಸಂಜೆ ನೋಡುವುದು ತಪ್ಪು, ಅವೇ ವರಸೆಗಳು ಪ್ರತಿ ಕಂತಿನಲ್ಲೂ ಬರುವುದರಿಂದ ಮೂರನೆಯದಕ್ಕೇ ಮೊಂಡಾಗುತ್ತವೆ. ದಿನಕ್ಕೊಂದು ಸಾಕು. ಮೊದಲ ಸಲ ಸಬ್‌ಟೈಟಲ್ ಇಟ್ಟು, ಎರಡನೇ ಸಲ ತೆಗೆದು ನೋಡಿ. ಓದುತ್ತಿದ್ದರೆ ಕಣ್ಣು ಪರದೆಯ ಬುಡದಲ್ಲೇ ಉಳಿದು, ತಲೆ ಕಾಣದ ಎತ್ತರದ ಆಲ್ ಬಂದದ್ದೂ ಗೊತ್ತಾಗುವುದಿಲ್ಲ. ಬೂಟ್ ಪಾಲಿಶ್ ಮಾಡುವ ಜಾನಿಯ ದೃಶ್ಯದಲ್ಲಿ ಫ್ರ್ಯಾಂಕ್ ದುಡ್ಡು ಕೊಟ್ಟು ಸುಳಿವು ಪಡೆದು ಎದ್ದು ಹೋದ ತಕ್ಷಣ ಗಮನ ಬಿಡಬೇಡಿ, ಅವನ ನಂತರ ಹೃದಯದ ಆಪರೇಷನ್ ಮಾಡುವ ಡಾಕ್ಟರ್, ಪಾದ್ರಿ ಎಲ್ಲರೂ ದುಡ್ಡು ಕೊಟ್ಟು ಜಾನಿಯ ಹತ್ತಿರವೇ ಸಲಹೆ ಕೇಳಲು ಬರುತ್ತಾರೆ.

ಮಗಳಿಗೆ ಒಂದು ಕೆಲಸವನ್ನೂ ಕೊಡಿ: ಫ್ರ್ಯಾಂಕ್ ಕಾರು ನಿಲ್ಲಿಸುವಾಗ ಗುದ್ದುವ ಕಸದ ಡಬ್ಬಿಗಳನ್ನು ಎಣಿಸಲಿ. ಮೊದಲ ಕಂತಿನಲ್ಲಿ ಒಂದು, ಎರಡನೆಯದರಲ್ಲಿ ಎರಡು. ಆರಕ್ಕೇ ಲೆಕ್ಕ ನಿಂತುಹೋಯಿತು.